ಹಿಂದಿನ ಸೀಟಿನ ಬೆಲ್ಟು: ಕಾರಿನ ದೀಪ ಹೇಳುವುದೆಷ್ಟು, ಹೇಳದಿರುವುದೆಷ್ಟು?

(ಹಾಲು ಉತ್ಪಾದಕ ಸದಸ್ಯರ ತಿಳುವಳಿಕೆ ಶಿಬಿರದಲ್ಲಿ ಒಕ್ಕೂಟದ ವಾಹನ ವಿಭಾಗದ ಮೇಲ್ವಿಚಾರಕರು ಮಾಡಿದ ಭಾಷಣದ ಬರಹ ರೂಪ)



ಪಶುವೈದ್ಯರು ಕೆಚ್ಚಲು ಬಾವಿನ ಬಗ್ಗೆ ಮಾತನಾಡಿ ಕುಳಿತ ಮೇಲೆ ನಾನು ಕಾರಿನ ವಿಷಯ ಹೇಳಲು ನಿಂತಿದ್ದೇನೆ. ಹಸುವಿಗೂ ಕಾರಿಗೂ ಎಲ್ಲಿಯ ಸಂಬಂಧ ಎಂದು ಕೆಲವರು ನಗುತ್ತಿರುವುದು ಇಲ್ಲಿಂದಲೇ ಕಾಣುತ್ತಿದೆ. ಇಂದು ಈ ಸಭೆಗೆ ಬಂದವರಲ್ಲಿ ಎಷ್ಟು ಜನ ಕಾರಿನಲ್ಲಿ ಬಂದಿರಿ ಎಂದು ಬಾಗಿಲಲ್ಲಿ ನಿಂತು ನೋಡಿದ್ದೇನೆ. ಸ್ವಂತ ಕಾರು ಇಲ್ಲದವರೂ ಮದುವೆಗೆ, ಆಸ್ಪತ್ರೆಗೆ, ಧರ್ಮಸ್ಥಳಕ್ಕೆ ಬಾಡಿಗೆ ಕಾರು ಮಾಡಿಕೊಂಡು ಹೋಗುವ ಕಾಲ ಇದು. ಬಂದ ಕಾರುಗಳಲ್ಲಿ ಮುಂದೆ ಕುಳಿತವರು ಬೆಲ್ಟು ಹಾಕಿದ್ದರು. ಹಿಂದೆ ಕುಳಿತವರಲ್ಲಿ ಒಬ್ಬರೂ ಹಾಕಿರಲಿಲ್ಲ. ಹಿಂದೆ ಕುಳಿತಿದ್ದವರಲ್ಲಿ ಹೆಚ್ಚಿನವರು ತಾಯಂದಿರು, ವಯಸ್ಸಾದವರು ಮತ್ತು ಮಕ್ಕಳು.

ನಿಮ್ಮ ಮನೆಯಿಂದ ಡೇರಿಗೆ ಹಾಲಿನ ಕ್ಯಾನನ್ನು ಸೈಕಲ್ಲಿನ ಮೇಲೋ ಬೈಕಿನ ಮೇಲೋ ತರುವಾಗ ಹಗ್ಗ ಬಿಗಿದೇ ತರುತ್ತೀರಿ. ಥಟ್ಟನೆ ಬ್ರೇಕು ಹಾಕಿದರೆ ಗಾಡಿ ನಿಲ್ಲುತ್ತದೆ, ಒಳಗಿನ ಹಾಲು ನಿಲ್ಲುವುದಿಲ್ಲ. ಮುಂದಕ್ಕೆ ನುಗ್ಗಿ ಮುಚ್ಚಳಕ್ಕೆ ಬಡಿಯುತ್ತದೆ. ಕಾರಿನ ಒಳಗೆ ಕುಳಿತ ಮನುಷ್ಯನೂ ಹೀಗೆಯೇ. ಕಾರು ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗಿ ಮರಕ್ಕೆ ಹೊಡೆದರೆ ಕಾರು ನಿಲ್ಲುತ್ತದೆ, ಹಿಂದೆ ಕುಳಿತವರು ಅದೇ 50ರ ವೇಗದಲ್ಲಿ ಮುಂದಿನ ಸೀಟಿಗೆ ಹೊಡೆಯುತ್ತಾರೆ. ಅದು ಸುಮಾರು 10 ಮೀಟರ್ ಎತ್ತರದ ತೆಂಗಿನ ಮರದಿಂದ ಕೆಳಗೆ ಬಿದ್ದ ಪೆಟ್ಟಿಗೆ ಸಮ. 80ರ ವೇಗವಾದರೆ 25 ಮೀಟರ್. ಬೆಲ್ಟು ಹಾಕಿಕೊಂಡು ಮುಂದೆ ಕುಳಿತವರಿಗೂ ಹಿಂದಿನವರ ಭಾರ ಬೆನ್ನಿಗೆ ಬಂದು ಬೀಳುತ್ತದೆ.

ಮುಂದಿನ ಸೀಟು ಅಡ್ಡ ಇದೆ, ಹಿಂದೆ ಕುಳಿತವರಿಗೆ ಏನೂ ಆಗುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಬಹಳ ಗಟ್ಟಿಯಾಗಿದೆ. 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಜಿಲ್ಲೆಯಲ್ಲಿ, ಅಹಮದಾಬಾದಿನಿಂದ ಮುಂಬಯಿಗೆ ಹೋಗುವ ಹೆದ್ದಾರಿಯಲ್ಲಿ, ಕಾರೊಂದು ಸೇತುವೆಯ ತಡೆಗೋಡೆಗೆ ಹೊಡೆಯಿತು. ಅದರಲ್ಲಿದ್ದವರು ನಾಲ್ವರು. ಮುಂದಿದ್ದ ಇಬ್ಬರು ಗಾಯಗೊಂಡರೂ ಬದುಕಿದರು. ಹಿಂದಿದ್ದ ಇಬ್ಬರೂ ತೀರಿಕೊಂಡರು. ಅವರಲ್ಲಿ ಒಬ್ಬರು ಟಾಟಾ ಸನ್ಸ್ ಕಂಪನಿಯ ಹಿಂದಿನ ಅಧ್ಯಕ್ಷ ಸೈರಸ್ ಮಿಸ್ತ್ರಿ. ಹಿಂದಿನವರಿಬ್ಬರೂ ಬೆಲ್ಟು ಹಾಕಿರಲಿಲ್ಲವೆಂದು ಪೊಲೀಸರು ಹೇಳಿದರು. ಕಾರು ಬೆಲೆಬಾಳುವುದೇ ಆಗಿತ್ತು. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ ಆ ಒಂದೇ ವರ್ಷದಲ್ಲಿ ಬೆಲ್ಟು ಹಾಕದೆ ಸತ್ತವರು 16,715 ಮಂದಿ. ಅವರಲ್ಲಿ 8,331 ಮಂದಿ ಕಾರು ಓಡಿಸುತ್ತಿದ್ದವರಲ್ಲ, ಸುಮ್ಮನೆ ಕುಳಿತಿದ್ದವರು.

ಈಗ ದೀಪದ ವಿಷಯಕ್ಕೆ ಬರುತ್ತೇನೆ. ಕೀಲಿ ತಿರುಗಿಸಿದ ಕೂಡಲೇ ಸ್ಟೀರಿಂಗಿನ ಹಿಂದಿನ ಫಲಕದಲ್ಲಿ ಕೆಂಪು ಬಣ್ಣದ ಒಂದು ಚಿತ್ರ ಹೊತ್ತಿಕೊಳ್ಳುತ್ತದೆ. ಕುಳಿತ ಮನುಷ್ಯ, ಅವನ ಎದೆಗೆ ಅಡ್ಡವಾಗಿ ಒಂದು ಪಟ್ಟಿ. ಇದು ಬೆಲ್ಟಿನದು. ಅದೇ ಮನುಷ್ಯನ ಮುಂದೆ ದುಂಡನೆಯ ಉಂಡೆ ಇದ್ದರೆ ಅದು ಗಾಳಿಚೀಲದ್ದು, ಅಂದರೆ ಏರ್‌ಬ್ಯಾಗಿನದು. ಇವೆರಡನ್ನೂ ಒಂದೇ ಎಂದು ತಿಳಿಯಬಾರದು. ಕಾರು ಚಾಲೂ ಆದ ಮೇಲೂ ಏರ್‌ಬ್ಯಾಗಿನ ದೀಪ ಆರದಿದ್ದರೆ ಮೆಕ್ಯಾನಿಕ್ಕಿಗೆ ತೋರಿಸಲೇಬೇಕು.

2019ರ ಜುಲೈ 1ರಿಂದ ತಯಾರಾದ ಕಾರುಗಳಲ್ಲಿ ಚಾಲಕ ಮತ್ತು ಅವರ ಪಕ್ಕದ ಸೀಟು ಎರಡಕ್ಕೂ ಈ ಎಚ್ಚರಿಕೆ ಕಡ್ಡಾಯವಾಗಿದೆ. ಪಕ್ಕದ ಸೀಟಿನ ಮೆತ್ತೆಯೊಳಗೆ ಭಾರ ಗುರುತಿಸುವ ಒಂದು ತೆಳು ಹಾಸು ಇರುತ್ತದೆ. ಆದ್ದರಿಂದಲೇ ಅಲ್ಲಿ ಹಿಂಡಿಯ ಚೀಲ ಇಟ್ಟರೂ ಕಾರು ಕುಯ್ಯೋ ಎನ್ನುತ್ತದೆ. ಚೀಲವನ್ನು ಅದು ಮನುಷ್ಯನೆಂದೇ ತಿಳಿದಿದೆ.

ಹಿಂದಿನ ಸೀಟಿನ ಕತೆ ಬೇರೆ, ನಾನು ಮುಖ್ಯವಾಗಿ ಹೇಳಬೇಕೆಂದಿರುವುದೂ ಇದನ್ನೇ. ಹಿಂದಿನ ಸೀಟಿಗೆ ಎಚ್ಚರಿಕೆ ಇರುವ ಕಾರುಗಳಲ್ಲಿ ಸಾಮಾನ್ಯವಾಗಿ ಮೂರು ಪುಟ್ಟ ಸೀಟುಗಳ ಅಥವಾ ಮೂರು ಮನುಷ್ಯರ ಚಿತ್ರ ಬರುತ್ತದೆ. ಬೆಲ್ಟು ಹಾಕಿದ ಸೀಟು ಹಸಿರಾಗಿ ಇಲ್ಲವೆ ಬಿಳಿಯಾಗಿ, ಹಾಕದ್ದು ಕೆಂಪಾಗಿ ಕಾಣುತ್ತದೆ. ಕಂಪನಿಯಿಂದ ಕಂಪನಿಗೆ ಬಣ್ಣ ಬದಲಾಗುತ್ತದೆ, ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿ ಆ ಪುಟವನ್ನು ಒಮ್ಮೆ ಮಕ್ಕಳಿಂದ ಓದಿಸಿಕೊಳ್ಳಿ. ಆದರೆ ಇಂಥ ಬಹಳಷ್ಟು ಕಾರುಗಳಲ್ಲಿ ಹಿಂದಿನ ಸೀಟಿನಲ್ಲಿ ಭಾರದ ಹಾಸು ಇಲ್ಲ. ಬೆಲ್ಟಿನ ನಾಲಿಗೆ ಕೊಕ್ಕೆಯೊಳಗೆ ಹೋಗಿದೆಯೇ ಇಲ್ಲವೇ ಎಂಬುದೊಂದೇ ಕಾರಿಗೆ ಗೊತ್ತು. ಸೀಟಿನಲ್ಲಿ ಜನ ಇದ್ದಾರೋ ಇಲ್ಲವೋ ಗೊತ್ತಿಲ್ಲ. ಹಾಗಾಗಿ ಅದು ಶುರುವಿನಲ್ಲಿ ಸುಮಾರು ಒಂದು ನಿಮಿಷ ಚಿತ್ರ ತೋರಿಸಿ, ಆಮೇಲೆ ತಾನಾಗಿಯೇ ಸುಮ್ಮನಾಗುತ್ತದೆ. ದೀಪ ಆರಿತು, ಎಲ್ಲ ಸರಿಯಾಯಿತು ಎಂದು ಓಡಿಸುವವರು ತಿಳಿಯುತ್ತಾರೆ. ಅಲ್ಲಿ ಸರಿಯಾದದ್ದು ಏನೂ ಇಲ್ಲ, ದೀಪದ ಹೊತ್ತು ಮುಗಿದಿದೆ ಅಷ್ಟೆ.

ನಿಮಗೆ ಇದನ್ನು ತಿಳಿಸುವುದು ಕಷ್ಟವಲ್ಲ, ಏಕೆಂದರೆ ನೀವು ದಿನಾ ಲ್ಯಾಕ್ಟೋಮೀಟರ್ ನೋಡುವವರು. ಅದು ಹಾಲಿನ ಸಾಂದ್ರತೆ ಒಂದನ್ನೇ ಹೇಳುತ್ತದೆ. ನೀರು ಬೆರೆಸಿದರೆ ಅಂಕಿ ಇಳಿಯುತ್ತದೆ, ಕೆನೆ ತೆಗೆದರೆ ಏರುತ್ತದೆ, ಎರಡನ್ನೂ ಮಾಡಿದ ಜಾಣನ ಹಾಲು ಸರಿಯಾದ ಅಂಕಿಯನ್ನೇ ತೋರಿಸಬಹುದು. ಆದ್ದರಿಂದಲೇ ಜಿಡ್ಡಿನ ಪರೀಕ್ಷೆಯೂ ಬೇಕಾಯಿತು. ಉಪಕರಣ ತಾನು ಅಳೆಯುವುದನ್ನು ಮಾತ್ರ ಹೇಳುತ್ತದೆ. ಕಾರಿನ ದೀಪ ಅಳೆಯುವುದು ಕೊಕ್ಕೆಯನ್ನು, ನಿಮ್ಮ ತಾಯಿಯನ್ನಲ್ಲ.

ನಿಮ್ಮ ಕಾರು ಯಾವ ಜಾತಿಯದೆಂದು ಮನೆಯ ಅಂಗಳದಲ್ಲೇ ತಿಳಿಯಬಹುದು. ಒಬ್ಬರನ್ನು ಹಿಂದೆ ಬೆಲ್ಟಿಲ್ಲದೆ ಕೂರಿಸಿ ಇಂಜಿನ್ ಚಾಲೂ ಮಾಡಿ ಫಲಕ ನೋಡಿ. ಇಂಜಿನ್ ನಿಲ್ಲಿಸಿ, ಅವರನ್ನು ಇಳಿಸಿ, ಮತ್ತೆ ಚಾಲೂ ಮಾಡಿ. ಎರಡು ಸಲವೂ ಚಿತ್ರ ಒಂದೇ ರೀತಿ ಬಂದರೆ ನಿಮ್ಮ ಕಾರು ಕೊಕ್ಕೆ ಮಾತ್ರ ಎಣಿಸುತ್ತದೆ. ಯಾವ ಚಿತ್ರವೂ ಬಾರದಿದ್ದರೆ ಹಿಂದಿನ ಸೀಟಿಗೆ ಎಚ್ಚರಿಕೆಯೇ ಇಲ್ಲವೆಂದು ತಿಳಿಯಿರಿ. ಹಳೆಯ ಕಾರುಗಳೆಲ್ಲ ಹೀಗೆಯೇ.

ದಾರಿಯ ಮಧ್ಯೆ ಇದ್ದಕ್ಕಿದ್ದಂತೆ ಸದ್ದು ಬಂದು ಹಿಂದಿನ ಸೀಟು ಕೆಂಪಾದರೆ ಅದರ ಅರ್ಥ ಬೇರೆ. ಹಾಕಿದ್ದ ಬೆಲ್ಟನ್ನು ಯಾರೋ ಬಿಚ್ಚಿದ್ದಾರೆ. ಹೆಚ್ಚಾಗಿ ಮಕ್ಕಳು ಆ ಕೆಂಪು ಗುಂಡಿ ಒತ್ತಿರುತ್ತಾರೆ. ಓಡಿಸುತ್ತಲೇ ಹಿಂದಕ್ಕೆ ತಿರುಗಿ ಗದರಬೇಡಿ. ಪಕ್ಕಕ್ಕೆ ನಿಲ್ಲಿಸಿ ಹಾಕಿಸಿ.

ಕೆಲವು ಕಾರುಗಳು ಹಿಂದಿನ ಸೀಟಿನ ಭಾರವನ್ನೂ ಗುರುತಿಸುತ್ತವೆ. ಅಂಥ ಕಡೆ ಪಶು ಆಹಾರದ ಮೂಟೆ ಹೇರಿ, ಸದ್ದು ತಾಳಲಾರದೆ ಖಾಲಿ ಬೆಲ್ಟನ್ನು ಕೊಕ್ಕೆಗೆ ಸಿಕ್ಕಿಸುತ್ತಾರೆ. ಮೂಟೆ ಇಳಿಯುತ್ತದೆ, ಬೆಲ್ಟು ಹಾಗೇ ಉಳಿಯುತ್ತದೆ. ಮರುದಿನ ಅತ್ತೆಯವರು ಅದರ ಮೇಲೆಯೇ ಕುಳಿತು ಹೊರಡುತ್ತಾರೆ. ಫಲಕದಲ್ಲಿ ಹಸಿರು! ಮೂಟೆಯನ್ನು ಡಿಕ್ಕಿಗೆ ಹಾಕುವುದು ಲೇಸು. ಸದ್ದು ನಿಲ್ಲಿಸಲೆಂದೇ ಬೆಲ್ಟಿಲ್ಲದ ಬರೀ ನಾಲಿಗೆಗಳನ್ನು ಮಾರುವವರೂ ಇದ್ದರು. 2023ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಐದು ಆನ್‌ಲೈನ್ ಮಾರಾಟ ಸಂಸ್ಥೆಗಳ ವಿರುದ್ಧ ಆದೇಶ ಮಾಡಿ, ಇಂಥ 13,118 ಮಾರಾಟ ಪ್ರಕಟಣೆಗಳು ತೆಗೆಯಲ್ಪಟ್ಟವು. ನಿಮ್ಮ ಬಾಡಿಗೆ ಕಾರಿನಲ್ಲಿ ಅಂಥದ್ದು ಕಂಡರೆ ಕಿತ್ತು ಚಾಲಕರ ಕೈಗೆ ಕೊಡಿ, ಸಂಕೋಚ ಬೇಡ.

ಬೆಲ್ಟು ಹಾಕಿದ್ದರೂ ದೀಪ ಕೆಂಪಾಗಿಯೇ ಇದ್ದರೆ ಮೊದಲು ಕೊಕ್ಕೆಯೊಳಗೆ ನೋಡಿ. ನಮ್ಮ ಕಡೆಯ ಕಾರುಗಳಲ್ಲಿ ಹುಲ್ಲಿನ ಎಸಳು, ಕಡಲೆಕಾಯಿ ಸಿಪ್ಪೆ, ಬೂಸಾದ ಧೂಳು ಸೇರಿಕೊಂಡು ನಾಲಿಗೆ ಪೂರ್ತಿ ಇಳಿಯುವುದಿಲ್ಲ. ಟಕ್ ಎಂಬ ಸದ್ದು ಕೇಳಲೇಬೇಕು. ಆಮೇಲೂ ಕೆಂಪಿದ್ದರೆ ಸೀಟಿನ ಕೆಳಗೆ ಇಲಿ ತಂತಿ ಕಡಿದಿರಬಹುದು, ಅದು ಮೆಕ್ಯಾನಿಕ್ಕಿನ ಕೆಲಸ. ಬಾಡಿಗೆ ಕಾರುಗಳಲ್ಲಿ ಇನ್ನೊಂದು ತೊಂದರೆ: ಸೀಟಿಗೆ ಹೊದಿಸಿದ ಕವರಿನ ಕೆಳಗೆ ಕೊಕ್ಕೆಗಳೇ ಮುಚ್ಚಿಹೋಗಿರುತ್ತವೆ. ಹೊರಡುವ ಮುಂಚೆ ಕವರು ಸರಿಸಿ ತೆಗೆಸಿ. ಜಗ್ಗಿದರೆ ಬೆಲ್ಟು ಬರುವುದಿಲ್ಲ, ಕೆಟ್ಟಿದೆ ಎನ್ನುವವರಿದ್ದಾರೆ. ರಭಸವಾಗಿ ಎಳೆದರೆ ಹಿಡಿದುಕೊಳ್ಳುವುದೇ ಅದರ ಗುಣ, ಮೆಲ್ಲಗೆ ಎಳೆದರೆ ಬರುತ್ತದೆ. ಈ ಮೂರು ಕಡೆ ಹಿಡಿಯುವ ಬೆಲ್ಟನ್ನು 1959ರಲ್ಲಿ ವೋಲ್ವೋ ಕಂಪನಿಯಲ್ಲಿ ರೂಪಿಸಿದವರು ನಿಲ್ಸ್ ಬೊಹ್ಲಿನ್ ಎಂಬ ಇಂಜಿನಿಯರು. ಕಂಪನಿಯು ಅದನ್ನು ಬೇರೆಯವರೂ ಬಳಸಲು ಬಿಟ್ಟುಕೊಟ್ಟಿತು. ಸಹಕಾರಿಗಳಾದ ನಾವು ಮೆಚ್ಚುವಂಥ ಕೆಲಸ.

ಬೆಲ್ಟಿನ ಕೆಳಪಟ್ಟಿ ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ ಕೂರಬೇಕು. ಮೇಲಿನದು ಭುಜದ ಮೇಲಿಂದ ಎದೆಗೆ ಅಡ್ಡ ಬರಬೇಕು, ಕಂಕುಳ ಕೆಳಗೆ ತೂರಿಸಬಾರದು. ಗರ್ಭಿಣಿಯರೂ ಹಾಕಬೇಕು, ಕೆಳಪಟ್ಟಿ ಹೊಟ್ಟೆಯ ಕೆಳಗೆ ಹೋಗಬೇಕು.

ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಗಟ್ಟಿಯಾಗಿ ಹಿಡಿದುಕೊಂಡಿರುತ್ತೇನೆ ಎಂದು ಸಾಲಿನಲ್ಲಿ ಕುಳಿತ ತಾಯಿಯೊಬ್ಬರು ಹೇಳಿದರು. ಅಮ್ಮಾ, ನಿಮ್ಮ ಪ್ರೀತಿಯ ಬಗ್ಗೆ ಮಾತಿಲ್ಲ, ಲೆಕ್ಕ ಮಾತ್ರ ಕೇಳಿ. 10 ಕಿಲೋ ಮಗು, 50ರ ವೇಗ, ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತರೆ, ಮಗುವನ್ನು ಹಿಡಿದಿಡಲು ಸುಮಾರು 140 ಕಿಲೋ ಎತ್ತುವಷ್ಟು ಬಲ ಬೇಕು. ಹತ್ತಿರ ಹತ್ತಿರ ಮೂರು ತುಂಬಿದ ಹಾಲಿನ ಕ್ಯಾನು ಒಟ್ಟಿಗೆ. ಯಾವ ಪೈಲ್ವಾನನ ಕೈಯೂ ತಡೆಯದು. ಇಬ್ಬರಿಗೂ ಸೇರಿಸಿ ಒಂದೇ ಬೆಲ್ಟು ಹಾಕಿದರೆ ನಿಮ್ಮ ಭಾರವೂ ಮಗುವಿನ ಮೇಲೆ ಬೀಳುತ್ತದೆ. ಎಳೆಯ ಮಕ್ಕಳಿಗೆ ಪ್ರತ್ಯೇಕ ಸೀಟು ಸಿಗುತ್ತದೆ, ಅದನ್ನು ಹಿಂದಿನ ಸೀಟಿಗೆ ಬಿಗಿಯುತ್ತಾರೆ. ಬೆಲೆ ಹೆಚ್ಚು ಅನ್ನಿಸಿದರೆ ಅಕ್ಕತಂಗಿಯರ ಮನೆಗಳಲ್ಲಿ ಒಂದನ್ನೇ ಕೈ ಬದಲಾಯಿಸಿಕೊಳ್ಳಬಹುದು, ಪೆಟ್ಟು ತಿಂದದ್ದು ಮಾತ್ರ ಬೇಡ.

ಕಾನೂನನ್ನು ಎರಡೇ ಮಾತಿನಲ್ಲಿ ಹೇಳುತ್ತೇನೆ. ಮುಂದಕ್ಕೆ ಮುಖ ಮಾಡಿದ ಹಿಂದಿನ ಸೀಟಿನವರೂ ಬೆಲ್ಟು ಹಾಕಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳ 138ನೇ ನಿಯಮ ಹೇಳುತ್ತದೆ. 2019ರಲ್ಲಿ ಕಾಯ್ದೆಗೆ ಸೇರಿಸಿದ 194-ಬಿ ಕಲಮು ಇದಕ್ಕೆ 1,000 ರೂಪಾಯಿ ದಂಡ ವಿಧಿಸುತ್ತದೆ, 14 ವರ್ಷದೊಳಗಿನ ಮಕ್ಕಳನ್ನು ಬೆಲ್ಟಿಲ್ಲದೆ ಕರೆದೊಯ್ದರೂ ಅಷ್ಟೇ.

ಒಕ್ಕೂಟದ ಕಾರನ್ನು ಹೊರಗೆ ಹೊಂಗೆ ಮರದ ನೆರಳಿನಲ್ಲಿ ನಿಲ್ಲಿಸಿದೆ, ಹಿಂದಿನ ಬಾಗಿಲುಗಳನ್ನು ತೆಗೆದಿಟ್ಟಿದ್ದೇನೆ. ಮೂರು ಮೂರು ಜನರಂತೆ ಬಂದು ಕುಳಿತು, ಬೆಲ್ಟು ಹಾಕಿ, ಬಿಚ್ಚಿ, ಫಲಕದಲ್ಲಿ ಏನು ಬದಲಾಗುತ್ತದೆಂದು ನೀವೇ ನೋಡಿ. ಮೊದಲು ತಾಯಂದಿರು ಬರಲಿ. ಸಂಜೆಯ ಹಾಲು ಕರೆಯುವ ಹೊತ್ತಿಗೆ ಎಲ್ಲರೂ ಮನೆ ಸೇರಬೇಕಲ್ಲ.