ಪಕ್ಕದ ಗೋಡೆಯ ಆಸರೆ

ಪಕ್ಕದ ಮನೆಯವನ ಗೋಡೆಯ ಮೇಲೆ ತೊಲೆಯಿಟ್ಟು ಮನೆ ಕಟ್ಟಿದವನಿಗೆ ಒಂದು ಚಿಂತೆ ತಪ್ಪಿದ್ದಲ್ಲ. ಮನೆ ಎಷ್ಟೇ ಚೆನ್ನಾಗಿರಲಿ, ಗೋಡೆಯನ್ನು ಕೆಡವುವ ಹಕ್ಕು ಪಕ್ಕದವನದೇ. 1996ರ ಜೂನ್‌ನಿಂದ 1998ರ ಮಾರ್ಚ್‌ವರೆಗೆ ದೇಶವನ್ನಾಳಿದ ಸಂಯುಕ್ತ ರಂಗದ ಕಥೆಯೂ ಇಂಥದೇ.

1996ರ ಚುನಾವಣೆಯಲ್ಲಿ ಮತದಾರರು ಯಾರಿಗೂ ಬಹುಮತ ಕೊಡಲಿಲ್ಲ. ಭಾರತೀಯ ಜನತಾ ಪಕ್ಷಕ್ಕೆ 161, ಕಾಂಗ್ರೆಸ್ಸಿಗೆ 140 ಸ್ಥಾನಗಳು ಬಂದವು. ಬಹುಮತ ಹೊಂದಿಸಲಾಗದೆ ವಾಜಪೇಯಿ ಅವರ ಮೊದಲ ಸರಕಾರ 13 ದಿನಗಳಲ್ಲೇ ರಾಜೀನಾಮೆಯಿತ್ತಿತು. ಆಗ ಜನತಾದಳ, ಎಡಪಕ್ಷಗಳು ಹಾಗೂ ಪ್ರಾದೇಶಿಕ ಪಕ್ಷಗಳು ಸೇರಿ 13 ಪಕ್ಷಗಳ ರಂಗ ಕಟ್ಟಿದವು. ಪ್ರಧಾನಿ ಪದವಿ ಮೊದಲು ಬಂಗಾಳದ ಜ್ಯೋತಿ ಬಸು ಅವರನ್ನು ಅರಸಿಹೋಯಿತು. ಅವರ ಪಕ್ಷ ಒಪ್ಪಲಿಲ್ಲ. ಕೊನೆಗೆ ಕರ್ನಾಟಕದ ಮುಖ್ಯಮಂತ್ರಿ ಎಚ್. ಡಿ. ದೇವೇಗೌಡರು ಜೂನ್ 1ರಂದು ಪ್ರಮಾಣವಚನ ಸ್ವೀಕರಿಸಿದರು. ಆ ವರ್ಷ ರಾಜ್ಯದ 28 ಸ್ಥಾನಗಳಲ್ಲಿ 16 ಜನತಾದಳದ್ದಾಗಿದ್ದವು.

ಈ ಸರಕಾರ ಕೈಕಟ್ಟಿ ಕೂರಲಿಲ್ಲ. ಬಹುಕಾಲದ ನಂತರ ಜಮ್ಮು ಮತ್ತು ಕಾಶ್ಮೀರದಲ್ಲಿ ವಿಧಾನಸಭಾ ಚುನಾವಣೆ ನಡೆಯಿತು. 1996ರ ಡಿಸೆಂಬರ್‌ನಲ್ಲಿ ಬಾಂಗ್ಲಾದೇಶದೊಡನೆ ಗಂಗಾ ನೀರಿನ ಒಪ್ಪಂದವಾಯಿತು. ಇಂದ್ರಜಿತ್ ಗುಪ್ತರು ಗೃಹಸಚಿವರಾದರು. ಕಮ್ಯುನಿಸ್ಟರೊಬ್ಬರು ಆ ಸ್ಥಾನದಲ್ಲಿ ಕುಳಿತದ್ದು ಅದೇ ಮೊದಲು. 1997ರ ಬಜೆಟ್‌ನಲ್ಲಿ ಚಿದಂಬರಂ ಆದಾಯ ತೆರಿಗೆಯ ದರಗಳನ್ನು ಇಳಿಸಿದರು.

ಆದರೆ ತೊಲೆ ಪಕ್ಕದ ಗೋಡೆಯ ಮೇಲಿತ್ತು. ಕಾಂಗ್ರೆಸ್ ಸಂಪುಟ ಸೇರದೆ ಹೊರಗಿನಿಂದ ಬೆಂಬಲ ಕೊಟ್ಟಿತ್ತು. 1979ರಲ್ಲಿ ಚರಣ್ ಸಿಂಗ್, 1991ರಲ್ಲಿ ಚಂದ್ರಶೇಖರ್ ಅದೇ ಆಸರೆಯನ್ನು ನಂಬಿ ಬಿದ್ದಿದ್ದರು. ಬಜೆಟ್ ಮಂಡನೆಯಾಗಿ ಒಂದು ತಿಂಗಳಿಗೆ, 1997ರ ಮಾರ್ಚ್ 30ರಂದು, ಕಾಂಗ್ರೆಸ್ ಅಧ್ಯಕ್ಷ ಸೀತಾರಾಂ ಕೇಸರಿ ಬೆಂಬಲ ಹಿಂತೆಗೆದುಕೊಂಡರು. ಏಪ್ರಿಲ್‌ನಲ್ಲಿ ಲೋಕಸಭೆಯ ವಿಶ್ವಾಸ ಕಳೆದುಕೊಂಡು ಗೌಡರು ಇಳಿದರು.

ರಂಗ ಬಾಗಿತು. ನಾಯಕನನ್ನು ಬದಲಿಸಿ, ಐ. ಕೆ. ಗುಜ್ರಾಲ್ ಅವರನ್ನು ಕೂರಿಸಿ ಸರಕಾರವನ್ನು ಉಳಿಸಿಕೊಂಡಿತು. ಏಳು ತಿಂಗಳಲ್ಲಿ ಮತ್ತೊಂದು ಬೇಡಿಕೆ ಬಂತು. ರಾಜೀವ್ ಗಾಂಧಿ ಹತ್ಯೆಯ ಹಿನ್ನೆಲೆಯ ಕುರಿತ ಜೈನ್ ಆಯೋಗದ ಮಧ್ಯಂತರ ವರದಿಯನ್ನು ಮುಂದಿಟ್ಟು, ಡಿಎಂಕೆ ಸಚಿವರನ್ನು ಕೈಬಿಡಬೇಕೆಂದು ಕಾಂಗ್ರೆಸ್ ಪಟ್ಟು ಹಿಡಿಯಿತು. ಈ ಬಾರಿ ರಂಗ ಒಪ್ಪಲಿಲ್ಲ. ನವೆಂಬರ್ 28ರಂದು ಗುಜ್ರಾಲ್ ರಾಜೀನಾಮೆ ಕೊಟ್ಟರು. ಮೊದಲ ಸಲ ಅಧಿಕಾರಕ್ಕಾಗಿ ನಾಯಕನನ್ನು ಬಿಟ್ಟವರು, ಎರಡನೆಯ ಸಲ ಜೊತೆಗಾರನಿಗಾಗಿ ಅಧಿಕಾರವನ್ನೇ ಬಿಟ್ಟರು. ಮುಂದೆ 2004ರಲ್ಲಿ ಕಾಂಗ್ರೆಸ್ ಅದೇ ಡಿಎಂಕೆಯೊಡನೆ ಮೈತ್ರಿ ಮಾಡಿಕೊಂಡದ್ದು ರಾಜಕೀಯದ ವಿಪರ್ಯಾಸ.

ಹೊರಗಿನ ಆಸರೆ ತಪ್ಪಿದ ಮೇಲೆ ಒಳಗಿನ ಬಿರುಕುಗಳೂ ಬಾಯಿಬಿಟ್ಟವು. 1996ರಲ್ಲೇ ಜನತಾದಳದಿಂದ ಉಚ್ಚಾಟಿತರಾಗಿದ್ದ ರಾಮಕೃಷ್ಣ ಹೆಗಡೆ ಲೋಕಶಕ್ತಿ ಕಟ್ಟಿ ಬಿಜೆಪಿಯೊಡನೆ ಕೈಜೋಡಿಸಿದರು. ಬಿಹಾರದಲ್ಲಿ ಲಾಲು ಪ್ರಸಾದ್ ಬೇರೆಯಾಗಿದ್ದರು. 1998ರ ಚುನಾವಣೆಯಲ್ಲಿ ಕರ್ನಾಟಕದ ಜನತಾದಳಕ್ಕೆ ಉಳಿದದ್ದು 3 ಸ್ಥಾನ. ರಂಗದ ಸಂಚಾಲಕ ಚಂದ್ರಬಾಬು ನಾಯ್ಡು ಅವರ ತೆಲುಗು ದೇಶಂ ವಾಜಪೇಯಿ ಸರಕಾರದ ಬೆಂಬಲಕ್ಕೆ ನಿಂತಿತು. ಅಲ್ಲಿಗೆ ರಂಗ ಮುಗಿಯಿತು.

ಹಾಗಾದರೆ ಈ ಪ್ರಯೋಗ ವ್ಯರ್ಥವೇ? ಹಾಗೆನ್ನಲಾಗದು. ಭಿನ್ನ ಪಕ್ಷಗಳು ಕನಿಷ್ಠ ಕಾರ್ಯಕ್ರಮವೊಂದನ್ನು ಬರೆದಿಟ್ಟುಕೊಂಡು ಆಳುವ ಕ್ರಮವನ್ನು ಮುಂದಿನ ಮೈತ್ರಿಕೂಟಗಳೂ ಅನುಸರಿಸಿದವು. ಪ್ರಾದೇಶಿಕ ಪಕ್ಷಗಳಿಗೆ ದೆಹಲಿ ದೂರವಲ್ಲವೆಂಬುದೂ ಖಚಿತವಾಯಿತು. ಆದರೆ ಜನರ ಮುಂದೆ ಉತ್ತರ ಹೇಳಬೇಕಾದವರು ಒಬ್ಬರು, ಸರಕಾರದ ಆಯುಸ್ಸನ್ನು ಕೈಯಲ್ಲಿ ಹಿಡಿದವರು ಇನ್ನೊಬ್ಬರು ಎಂದಾದರೆ, ಮತದಾರ ಯಾರನ್ನು ಪ್ರಶ್ನಿಸಬೇಕು? ಹೊಣೆಯಿಲ್ಲದ ಬೆಂಬಲದ ಬೆಲೆ ತೆತ್ತವನು ಕೊನೆಗೆ ಅವನೇ. ಎರಡು ವರ್ಷ ತುಂಬುವುದರೊಳಗೆ ಅವನು ಮತ್ತೆ ಮತಗಟ್ಟೆಯ ಸಾಲಿನಲ್ಲಿ ನಿಲ್ಲಬೇಕಾಯಿತು.