ಗೆಲ್ಲು ಬಿದ್ದರೆ ಸ್ಟೇಟಸ್ ಸಾಲದು!

(ಕುಂದಾಪುರದ ಯುವಕರ ಕೂಟವೊಂದರಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಮಾಡಿದ ಭಾಷಣ)



ನಾನು ಭಾಷಣಕಾರನಲ್ಲ. ಪಿಯುಸಿಗೆ ಓದು ಮುಗಿಸಿ ಪ್ರೆಸ್ ಹಿಡಿದವನು. ಮದುವೆ ಕಾಗದ, ಚೌತಿಯ ರಸೀದಿ ಪುಸ್ತಕ ಅಚ್ಚು ಹಾಕಿ ಅನ್ನ ತಿನ್ನುವವನು. ಹಾಗಾಗಿ ದೊಡ್ಡ ಮಾತು ಬೇಡ. ನಮ್ಮ ಬೀದಿಯ ಒಂದು ಗೆಲ್ಲಿನ ಕಥೆ ಹೇಳುತ್ತೇನೆ, ಕೇಳಿ.

ಆಸಾಡಿಯ ಒಂದು ಬೆಳಿಗ್ಗೆ. ಗಾಳಿ ಬೀಸಿದ್ದೇ ತಡ, ಹಳೇ ಮಾವಿನ ಮರದ ಗೆಲ್ಲು ಮುರಿದು ತಂತಿಯ ಸಮೇತ ರಸ್ತೆಗೆ ಅಡ್ಡ ಬಿತ್ತು. ನನ್ನ ಆಫ್‌ಸೆಟ್ ಮಿಷನ್ ನಿಂತಿತು. ಹಾಲಿನವನು ಆ ಕಡೆ, ಶಾಲೆಯ ಮಕ್ಕಳು ಈ ಕಡೆ. ಎದುರು ಮನೆಯ ಅಮ್ಮನಿಗೆ ಅಂದು ಡಯಾಲಿಸಿಸ್. ರಿಕ್ಷಾ ಒಳಗೆ ಬರುವಂತಿರಲಿಲ್ಲ. ಹಿತ್ತಿಲ ಕೆಸರಿನಲ್ಲಿ ನಾಲ್ಕು ಜನ ಅವರನ್ನು ಕುರ್ಚಿ ಸಮೇತ ಹೊತ್ತುಕೊಂಡು ಹೋದೆವು.

ಆ ಹೊತ್ತಿಗೆ ನಮ್ಮ ಬೀದಿಯ ಯುವಕರು ಏನು ಮಾಡುತ್ತಿದ್ದರು? ವಿಡಿಯೋ! ಎಲ್ಲರ ಸ್ಟೇಟಸ್‌ನಲ್ಲೂ ಅದೇ ಗೆಲ್ಲು. ಫೋನ್ ಮಾಡಿ ದೂರು ಕೊಟ್ಟವರೆಷ್ಟು? ಒಬ್ಬರೂ ಇಲ್ಲ!

ನಾನೇ ಒಂದು ಕಚೇರಿಗೆ ಫೋನ್ ಮಾಡಿದೆ. ಗಡಿಬಿಡಿಯಲ್ಲಿ ಮನೆಮಾತೇ ಬಂತು. “ಗೆಲ್ಲ್ ಬಿದ್ದಿತ್ತ್” ಅಂದೆ. ಫೋನ್ ಎತ್ತಿದ ಹೆಣ್ಣುಮಗಳು ಘಟ್ಟದ ಮೇಲಿನವರು. “ಯಾವಾಗ ಬಿದ್ದಿತ್ತು ಸರ್? ಈಗ ಸರಿಯಾಗಿದೆಯಲ್ಲ?” ಎಂದು ಕೇಳಿದರು. ನಮ್ಮ ‘ಇತ್ತ್’ ಅಂದರೆ ‘ಇದೆ’. ಅವರ ‘ಇತ್ತು’ ಅಂದರೆ ಮುಗಿದ ಮಾತು. ಅವರಿಗೆ ಗೆಲ್ಲು ಅಂದರೆ ಜಯಿಸು ಎಂದಷ್ಟೇ ಗೊತ್ತು! ಕೊನೆಗೆ “ಕೊಂಬೆ, ಈಗಲೂ ತಂತಿಯ ಮೇಲೇ ಇದೆ” ಅಂದೆ. ತಕ್ಷಣ ಬರೆದುಕೊಂಡರು.

ಅವರೂ ಕನ್ನಡತಿ, ನಾನೂ ಕನ್ನಡಿಗ. ತಪ್ಪು ಯಾರದೂ ಅಲ್ಲ. ಬೈಂದೂರಿನಿಂದ ಬ್ರಹ್ಮಾವರದವರೆಗೆ ನಾವು ಗೆಲ್ಲು ಅನ್ನುವವರೇ, ಅದಕ್ಕೆ ನಾಚಿಕೆ ಬೇಡ. ಇಲ್ಲಿಯ ಜನರ ದೂರು ಕೇಳುವವರು ಇಲ್ಲಿಯ ಮಾತು ಕಲಿಯಲಿ. ನಾವೂ ಕೊಂಬೆ ಎಂಬ ಮಾತನ್ನು ಬಾಯಲ್ಲಿಟ್ಟುಕೊಳ್ಳೋಣ. ಜೀವ ಹೋಗುವ ಹೊತ್ತಿನಲ್ಲಿ ಎರಡೂ ಬೇಕು.

ಈಗ ಕೆಲಸದ ಮಾತು. ಬಿದ್ದ ತಂತಿ ಸತ್ತಿದೆ ಎಂದು ಎಂದಿಗೂ ನಂಬಬೇಡಿ. ಒದ್ದೆ ನೆಲದಲ್ಲೂ ಕರೆಂಟ್ ಹರಿಯುತ್ತದೆ. ಲೈನ್‌ಮನ್ ಬಂದು ಲೈನ್ ಆಫ್ ಮಾಡುವ ತನಕ ಕತ್ತಿ ಹಿಡಿದು ಶೌರ್ಯ ತೋರಿಸಬೇಡಿ. ಮಕ್ಕಳನ್ನು, ದನಗಳನ್ನು ದೂರ ನಿಲ್ಲಿಸಿ. ಮೆಸ್ಕಾಂಗೆ 1912, ಪ್ರಾಣಾಪಾಯವಿದ್ದರೆ 112. ಊರು, ಬೀದಿ, ಕಂಬದ ಅಥವಾ ಟ್ರಾನ್ಸ್‌ಫಾರ್ಮರಿನ ನಂಬರ್, ಬಿಲ್ಲಿನಲ್ಲಿರುವ ಆರ್.ಆರ್. ನಂಬರ್ ಹೇಳಿ. ದೂರಿನ ಸಂಖ್ಯೆ ಕೇಳಿ ಬರೆದುಕೊಳ್ಳಿ.

ತಂತಿ ಮೆಸ್ಕಾಂನದು. ಊರೊಳಗಿನ ರಸ್ತೆ ಪುರಸಭೆಯದೋ ಪಂಚಾಯತಿನದೋ. ಮರ ಕಡಿಯುವುದಾದರೆ 1976ರ ಮರ ಸಂರಕ್ಷಣಾ ಕಾಯ್ದೆ ಇದೆ, ಅರಣ್ಯ ಇಲಾಖೆಯನ್ನು ಕೇಳಬೇಕು. ಈ ಮೂರನ್ನು ತಿಳಿಯದವನು ಮೂರು ಬಾಗಿಲು ಅಲೆಯುತ್ತಾನೆ!

ಇನ್ನೊಂದು ಮಾತು. ಗೆಲ್ಲು ಬಿದ್ದದ್ದಕ್ಕೆ ಗಾಳಿಯೊಂದೇ ಕಾರಣವಲ್ಲ. ತಂತಿಗೆ ತಾಗುತ್ತದೆಂದು ವರ್ಷವೂ ಒಂದೇ ಬದಿಯ ಗೆಲ್ಲು ಕಡಿದರೆ ಭಾರವೆಲ್ಲ ಇನ್ನೊಂದು ಬದಿಗೆ ವಾಲುತ್ತದೆ. ಚರಂಡಿ ತೋಡುವಾಗ ಬೇರು ಕಡಿದರೆ ಮರದ ಹಿಡಿತವೇ ಸಡಿಲ. ಒಣಗಿದ ಗೆಲ್ಲು ಬೇಸಿಗೆಯಲ್ಲೇ ಕಣ್ಣಿಗೆ ಕಾಣುತ್ತದೆ. ಅರ್ಜಿಯನ್ನು ಆಗಲೇ ಕೊಡಬೇಕು. 2021ರಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯನ್ನು ಕಾಡಿದ್ದು ಮೇ ತಿಂಗಳಲ್ಲಿ. ಆಸಾಡಿಯ ತನಕ ಕಾಯಲಿಲ್ಲ!

ಅರ್ಜಿ ಕನ್ನಡದಲ್ಲೇ ಬರೆಯಿರಿ. 1963ರ ರಾಜಭಾಷಾ ಕಾಯ್ದೆಯಿಂದ ಈ ರಾಜ್ಯದ ಆಡಳಿತ ಭಾಷೆ ಕನ್ನಡ. ಮರ ಎಲ್ಲಿದೆ, ಯಾವ ಗೆಲ್ಲು, ಕೆಳಗೆ ಯಾರು ಓಡಾಡುತ್ತಾರೆ ಎಂದು ನಾಲ್ಕು ಸಾಲು ಸಾಕು. ಎರಡು ಪ್ರತಿ ಮಾಡಿ, ಒಂದರ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಬರೆಯಲು ಬಾರದಿದ್ದರೆ ನನ್ನ ಪ್ರೆಸ್ಸಿಗೆ ಬನ್ನಿ. ಮಾದರಿ ಅರ್ಜಿ ಅಚ್ಚು ಹಾಕಿ ಇಟ್ಟಿದ್ದೇನೆ. ದುಡ್ಡು ಬೇಡ.

ನವೆಂಬರ್ ಒಂದರಂದು ಬಾವುಟ ಹಿಡಿಯುವ ಕೈ ಆಸಾಡಿಯಲ್ಲಿ ಪೆನ್ನನ್ನೂ ಹಿಡಿಯಲಿ. ಅಂದು ಕುರ್ಚಿ ಹೊತ್ತ ನಾಲ್ವರಲ್ಲಿ ಒಬ್ಬನೂ ಮೂವತ್ತರ ಒಳಗಿನವನಲ್ಲ. ಇನ್ನೊಂದು ಗೆಲ್ಲು ಬಿದ್ದಾಗ ಆ ಮಾತು ಸುಳ್ಳಾಗಲಿ.

ಸಿರಿಗನ್ನಡಂ ಗೆಲ್ಗೆ!