ಗದ್ದಲದೊಳಗಿನ ಕ್ಷೀಣದನಿ
(ಶಾಲಾ ವಾರ್ಷಿಕೋತ್ಸವದಂದು ಮಾಡಿದ ಭಾಷಣ)



ಜಾತ್ರೆಯ ಗದ್ದಲದಲ್ಲಿಯೂ ದೂರದ ತಾಳದ ಸದ್ದನ್ನು ನಮ್ಮ ಕಿವಿಯು ಗುರುತಿಸುವುದುಂಟು. ತಾಳವು ಗಟ್ಟಿಯಾಗಿದೆಯೆಂದಲ್ಲ, ಅದರ ಗತಿ ನಮಗೆ ತಿಳಿದಿದೆಯೆಂದು. ಮುಂದಿನ ಪೆಟ್ಟು ಎಂದು ಬೀಳುವುದೆಂಬುದನ್ನು ಬಲ್ಲವನಿಗೆ ಉಳಿದ ಸದ್ದು ಅಷ್ಟಾಗಿ ಅಡ್ಡಿಯಾಗದು. ಈ ತತ್ತ್ವವನ್ನೇ ಆಧರಿಸಿದ ಉಪಕರಣವೊಂದು ಇಂದಿನ ಪ್ರಯೋಗಶಾಲೆಗಳಲ್ಲಿದೆ. ಅದರ ಹೆಸರು ಡಿಜಿಟಲ್ ಲಾಕ್-ಇನ್ ಆಂಪ್ಲಿಫೈಯರ್. ನಾವು ಅದನ್ನು ಗತಿಬದ್ಧ ವರ್ಧಕವೆಂದು ಕರೆಯಬಹುದು.

ಸಾಮಾನ್ಯ ವರ್ಧಕವು ಸಂಕೇತವನ್ನು ಹಿಗ್ಗಿಸುವಾಗ ಗದ್ದಲವನ್ನೂ ಅಷ್ಟೇ ಹಿಗ್ಗಿಸುತ್ತದೆ. ವಿದ್ಯುನ್ಮಂಡಲದಲ್ಲಿ ಗದ್ದಲವು ಇದ್ದೇ ಇರುತ್ತದೆ. ಎಲೆಕ್ಟ್ರಾನುಗಳು ಶಾಖದಿಂದ ಸದಾ ಚಂಚಲವಾಗಿರುವುದು ಅದಕ್ಕೆ ಒಂದು ಕಾರಣ. ಹಾಗಾದರೆ ಉಪಾಯವೇನು?

ಹಗಲಿನಲ್ಲಿ ಮಂದವಾದ ದೀಪವೊಂದರ ಬೆಳಕನ್ನು ಅಳೆಯಬೇಕಾಗಿದೆಯೆಂದು ಭಾವಿಸೋಣ. ಹಗಲಿನ ಬೆಳಕು 7, ದೀಪದ್ದು 1. ಸೀಳುಗಳುಳ್ಳ ತಟ್ಟೆಯೊಂದನ್ನು ದೀಪದ ಮುಂದೆ ತಿರುಗಿಸಿ, ಅದರ ಬೆಳಕನ್ನು ಒಮ್ಮೆ ಬಿಟ್ಟು ಒಮ್ಮೆ ತಡೆಯುತ್ತೇವೆ. ಅಳತೆಗಳು 8, 7, 8, 7 ಎಂದು ಬರುತ್ತವೆ. ಬಿಟ್ಟಾಗಿನ ಅಂಕಿಯನ್ನು +1ರಿಂದಲೂ ತಡೆದಾಗಿನದನ್ನು −1ರಿಂದಲೂ ಗುಣಿಸಿ ಕೂಡಿದರೆ 8−7+8−7, ಅಂದರೆ 2. ಇದು ಎರಡು ಸುತ್ತುಗಳ ಮೊತ್ತ. ಒಂದು ಸುತ್ತಿಗೆ 1. ಹಗಲು ಕಳೆದುಹೋಯಿತು, ದೀಪವು ಉಳಿಯಿತು!

ನಿಯಮವಿಲ್ಲದ ಗದ್ದಲವಾದರೋ ಒಮ್ಮೆ ಏರಿ ಒಮ್ಮೆ ಇಳಿಯುವುದರಿಂದ, ಬಹುಕಾಲದ ಸರಾಸರಿಯಲ್ಲಿ ಅದೂ ಕುಗ್ಗುತ್ತದೆ. ಆದರೆ ಇದಕ್ಕೆ ತಾಳ್ಮೆ ಬೇಕು. ಅಂತಹ ಗದ್ದಲವು ಹತ್ತನೆಯ ಒಂದು ಪಾಲಿಗೆ ಇಳಿಯಬೇಕಾದರೆ 100 ಪಟ್ಟು ಕಾಲ ಅಳೆಯಬೇಕಾಗುತ್ತದೆ.

ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ಡಿಕಿಯವರು 1946ರಲ್ಲಿ ಪ್ರಕಟಿಸಿದ ರೇಡಿಯೋಮಾಪಕದಲ್ಲಿ ಇದೇ ಯುಕ್ತಿಯನ್ನು ಕಾಣುತ್ತೇವೆ. ಅವರು ಗ್ರಾಹಕಯಂತ್ರವನ್ನು ಆಂಟೆನಾದ ಕಡೆಗೂ, ಉಷ್ಣತೆ ತಿಳಿದ ವಸ್ತುವಿನ ಕಡೆಗೂ ಸರದಿಯಂತೆ ತಿರುಗಿಸಿ, ಆ ಗತಿಗೆ ಸರಿಯಾಗಿ ಬದಲಾಗುವ ಅಂಶವನ್ನು ಮಾತ್ರ ಆಯ್ದುಕೊಂಡರು. ಆ ವರ್ಷವೇ ಅವರೂ ರಾಬರ್ಟ್ ಬೆರಿಂಜರ್ ಅವರೂ ಚಂದ್ರನಿಂದ ಬರುವ ಸೂಕ್ಷ್ಮತರಂಗಗಳನ್ನು ಅಳೆದ ವಿಷಯವನ್ನು ಪ್ರಕಟಿಸಿದರು.

ಹಿಂದಿನ ಉಪಕರಣಗಳಲ್ಲಿ ಗುಣಾಕಾರವನ್ನು ವಿದ್ಯುನ್ಮಂಡಲಗಳೇ ಮಾಡುತ್ತಿದ್ದವು; ಅವು ಬಿಸಿಯಾದಂತೆ ಲೆಕ್ಕವು ಕೊಂಚ ಜಾರುತ್ತಿತ್ತು. ಡಿಜಿಟಲ್ ಉಪಕರಣವು ಸಂಕೇತವನ್ನು ಮೊದಲೇ ಅಂಕಿಗಳಾಗಿ ಮಾರ್ಪಡಿಸಿ, ಅಂಕಿಗಳನ್ನೇ ಗುಣಿಸಿ ಸರಾಸರಿ ತೆಗೆಯುತ್ತದೆ. ಅಂಕಿಗಳ ಗುಣಲಬ್ಧವು ಬಿಸಿಲಿಗೆ ಬದಲಾಗದಷ್ಟೆ.

ಆದರೂ ಈ ಯಂತ್ರವು ಮಾಯೆಯಲ್ಲ. ಸಂಕೇತದ ಗತಿ ತಿಳಿಯದಿದ್ದರೆ ಅದು ಏನನ್ನೂ ಹಿಡಿಯದು. ಗದ್ದಲವೂ ಅದೇ ಗತಿಯಲ್ಲಿದ್ದರೆ ಅದನ್ನು ಬೇರ್ಪಡಿಸಲಾರದು. ಆದುದರಿಂದಲೇ ನಮ್ಮ ದೇಶದಲ್ಲಿ ಪ್ರಯೋಗಕರ್ತರು ಮನೆಯ ವಿದ್ಯುತ್ತಿನ 50 ಹರ್ಟ್ಸ್ ಆವರ್ತನವನ್ನೂ ಅದರ ಗುಣಕಗಳನ್ನೂ ಬಿಟ್ಟು ಬೇರೊಂದನ್ನು ಆರಿಸಿಕೊಳ್ಳುತ್ತಾರೆ.

ಪೋಷಕರೇ, ಕನ್ನಡದಲ್ಲಿ ಓದಿದ ಮಗು ಉನ್ನತ ವಿಜ್ಞಾನವನ್ನು ಅರಿಯಬಲ್ಲುದೇ ಎಂಬ ಶಂಕೆ ನಿಮ್ಮಲ್ಲಿ ಹಲವರಿಗಿದೆ; ಅದು ಸಹಜವೇ. ಇಂಗ್ಲಿಷಿನ ಹೆಸರುಗಳನ್ನೂ ಮಕ್ಕಳು ಮುಂದೆ ಕಲಿಯಲೇಬೇಕು. ಆದರೆ ಈಗ ಹೇಳಿದ ಲೆಕ್ಕದಲ್ಲಿ ಕೂಡುವುದು, ಕಳೆಯುವುದು, ಗುಣಿಸುವುದು, ಸರಾಸರಿ ತೆಗೆಯುವುದು ಇವಿಷ್ಟೇ ಇದ್ದವು. ಇವೆಲ್ಲವನ್ನೂ ನಿಮ್ಮ ಮಕ್ಕಳು ಮನೆಮಾತಿನಲ್ಲಿಯೇ ಕಲಿತಿದ್ದಾರೆ. ತಿಳಿವು ಮೊದಲು ಗಟ್ಟಿಯಾಗಲಿ. ಹೆಸರುಗಳು ಹಿಂದೆಯೇ ಬರುವುವು.

ವಿದ್ಯಾರ್ಥಿಗಳೇ, ಇಂದು ಮನೆಗೆ ಹೋಗಿ 8, 7, 8, 7ರ ಲೆಕ್ಕವನ್ನು ತಂದೆತಾಯಿಗಳಿಗೆ ಮಾಡಿ ತೋರಿಸಿರಿ.